ಮಾಯದ ಹುಣ್ಣು ಮತ್ತು ಮಲಗಿದ ಜಾಗ

ತಿಂಗಳುಗಟ್ಟಲೆ ಮಾಯದ, ಅಷ್ಟೇನೂ ನೋಯದ ಹುಣ್ಣು. ಅದೂ ಮುಖ, ಮುಂಗೈ, ಕಣಕಾಲು ಹೀಗೆ ಬಟ್ಟೆ ಮುಚ್ಚದ ಜಾಗದಲ್ಲಿ. ಇಂಥ ರೋಗಿ ಬಂದರೆ ನಾನು ಮೊದಲು ಕೇಳುವುದು, "ಹೋದ ವರ್ಷ ಯಾವ ಊರಲ್ಲಿದ್ರಿ? ರಾತ್ರಿ ಎಲ್ಲಿ ಮಲಗ್ತಿದ್ರಿ?" ಚರ್ಮದ ಡಾಕ್ಟರು ಮಲಗುವ ಜಾಗದ ಬಗ್ಗೆ ಯಾಕೆ ಕೇಳ್ತಾರೆ ಅಂತ ಎಷ್ಟೋ ಜನ ಮುಖ ನೋಡುತ್ತಾರೆ. ಹೀಗೆ ಕೇಳಬೇಕು ಅಂತ ನಾನು ಕಲಿತಿದ್ದು ರಾಜಸ್ಥಾನದ ಬಿಕಾನೇರ್‌ನಲ್ಲಿ, ಎಂ.ಡಿ. ಓದುವಾಗ.

ಕಾಯಿಲೆಯ ಹೆಸರು ಚರ್ಮದ ಲೀಶ್ಮೇನಿಯಾಸಿಸ್. ಹಳೆಯ ವೈದ್ಯರು ಡೆಲ್ಲಿ ಬಾಯಿಲ್ ಅನ್ನುತ್ತಿದ್ದರು. ಬಿಹಾರದ ಕಾಲಾ ಅಜಾರ್ ಬಗ್ಗೆ ನೀವು ಕೇಳಿರಬಹುದು. ಎರಡಕ್ಕೂ ಕಾರಣ ಲೀಶ್ಮೇನಿಯಾ ಅನ್ನೋ ಪರಾವಲಂಬಿ, ಎರಡನ್ನೂ ಹರಡುವುದು ಮರಳು ನೊಣ. ಕಾಲಾ ಅಜಾರ್ ಒಳಗಿನ ಅಂಗಗಳನ್ನು ಹಿಡಿದು, ಚಿಕಿತ್ಸೆ ಸಿಗದಿದ್ದರೆ ಜೀವ ತೆಗೆಯುತ್ತದೆ. ಇದು ಚರ್ಮದಲ್ಲೇ ಉಳಿಯುತ್ತದೆ, ಜೀವಕ್ಕೆ ತೊಂದರೆ ಇಲ್ಲ. ಹಾಗಂತ ಸಣ್ಣ ಕಾಯಿಲೆ ಅಂದುಕೊಳ್ಳಬೇಡಿ. ಹತ್ತು ವರ್ಷದ ಹುಡುಗಿಯ ಕೆನ್ನೆಯ ಮೇಲೆ ಕುಳಿಬಿದ್ದ ಕಲೆ ಆದರೆ ಅದು ಅವಳ ಜೊತೆ ಜೀವನಪೂರ್ತಿ ಇರುತ್ತದೆ. ಅದನ್ನು ಕಂಡ ತಾಯಂದಿರ ಸಂಕಟ ನಾನು ಹತ್ತಿರದಿಂದ ನೋಡಿದ್ದೇನೆ.

ಹುಣ್ಣು ಎಲ್ಲಿ ಏಳುತ್ತದೆ ಅನ್ನೋದು ನೊಣದ ಸ್ವಭಾವದ ಮೇಲೆ ನಿಂತಿದೆ. ಮರಳು ನೊಣ ಎರಡು ಮೂರು ಮಿಲಿಮೀಟರ್ ಉದ್ದ, ಸೊಳ್ಳೆಗಿಂತ ಚಿಕ್ಕದು. ಮೈತುಂಬ ರೋಮ, ಕೂತಾಗ ರೆಕ್ಕೆ ಮೇಲೆತ್ತಿಕೊಂಡಿರುತ್ತದೆ. ಹಾರುವಾಗ ಸದ್ದೇ ಇಲ್ಲ. ಸಂಜೆಯಿಂದ ಬೆಳಗಿನವರೆಗೆ ಕಚ್ಚುತ್ತದೆ, ಕಚ್ಚುವುದು ಹೆಣ್ಣು ಮಾತ್ರ. ಸೊಂಡಿಲು ತುಂಬ ಗಿಡ್ಡ, ಬಟ್ಟೆಯ ಮೇಲಿಂದ ಚುಚ್ಚಲು ಆಗೋದಿಲ್ಲ. ಗಾಳಿ ಬೀಸಿದರೆ ಹಾರೋದೂ ಕಷ್ಟ. ಮೊಟ್ಟೆ ಇಡುವುದು ನಿಂತ ನೀರಿನಲ್ಲಲ್ಲ. ಗೋಡೆಯ ಬಿರುಕು, ದನದ ಕೊಟ್ಟಿಗೆ, ಇಲಿಬಿಲ ಇಂಥ ಕಡೆಯ ತೇವದ ಮಣ್ಣಿನಲ್ಲಿ. ಹಗಲು ಅಲ್ಲೇ ಅಡಗಿ, ರಾತ್ರಿ ಹತ್ತಿರ ಮಲಗಿದವರನ್ನು ಹುಡುಕಿ ಬರುತ್ತದೆ.

ಬಿಕಾನೇರ್‌ನಲ್ಲಿ ನಾವು ಪ್ರತಿ ರೋಗಿಯ ಕೇಸ್ ಶೀಟಿನಲ್ಲಿ ಮನುಷ್ಯನ ಆಕಾರದ ಒಂದು ರೇಖಾಚಿತ್ರ ಬರೆದು, ಹುಣ್ಣು ಇರುವ ಕಡೆಯೆಲ್ಲ ಗುರುತು ಹಾಕುತ್ತಿದ್ದೆವು. ಅದರ ಪಕ್ಕದಲ್ಲಿ ನಾನು ಇನ್ನೂ ಎರಡು ವಿಷಯ ಬರೆದುಕೊಳ್ಳುತ್ತಿದ್ದೆ: ಮಲಗುವ ಜಾಗ, ಮತ್ತು ಮನೆಯಲ್ಲಿ ಬೇರೆ ಯಾರಿಗೆ ಹುಣ್ಣಿದೆ ಅಥವಾ ಹಳೆಯ ಕಲೆ ಇದೆ. ಹಾಳೆಗಳು ಜಾಸ್ತಿಯಾದಂತೆ ಒಂದು ಕ್ರಮ ಕಾಣತೊಡಗಿತು. ಚಿಕ್ಕ ಮಕ್ಕಳಿಗೆ ಹೆಚ್ಚಾಗಿ ಕೆನ್ನೆ, ಮೂಗು, ಹಣೆಯ ಮೇಲೆ. ದೊಡ್ಡವರಿಗೆ ಮುಂಗೈ ಮತ್ತು ಕಾಲಿನ ಮೇಲೂ. ಹೊದ್ದು ಮಲಗಿದಾಗ ಏನು ಹೊರಗಿರುತ್ತದೋ ಅಲ್ಲಿ, ಅಲ್ವಾ? ಹೊಟ್ಟೆ, ಬೆನ್ನಿನ ಮೇಲೆ ಕಂಡಿದ್ದು ಅಪರೂಪ. ಕೆಲವರಲ್ಲಿ ಎರಡು ಮೂರು ಗಂಟು ಒಂದೇ ಕಡೆ ಗುಂಪಾಗಿ ಏಳುತ್ತಿದ್ದವು. ರಕ್ತ ಸಿಗುವವರೆಗೆ ನೊಣ ಹತ್ತಿರ ಹತ್ತಿರದಲ್ಲೇ ಚುಚ್ಚಿ ನೋಡುವುದರಿಂದ ಹಾಗಾಗುತ್ತದೆ.

ಕಾಲದ ಲೆಕ್ಕವೂ ಇದೆ. ಕಚ್ಚಿದ ಮರುದಿನ ಹುಣ್ಣು ಬರುವುದಿಲ್ಲ. ವಾರಗಳು, ಎಷ್ಟೋ ಸಲ ತಿಂಗಳುಗಳು ಹಿಡಿಯುತ್ತವೆ. ಬೇಸಿಗೆ, ಮಳೆಗಾಲದಲ್ಲಿ ಕಚ್ಚಿಸಿಕೊಂಡವರು ಚಳಿಗಾಲದಲ್ಲಿ ಬರಬಹುದು. ಅದಕ್ಕೇ "ಈಗ ಎಲ್ಲಿ ಮಲಗ್ತೀರಿ" ಅಂತ ಕೇಳಿದರೆ ಸಾಲದು, ಹಿಂದಿನ ತಿಂಗಳುಗಳ ವಿಷಯ ಕೇಳಬೇಕು.

ಮೊದಲು ಕೆಂಪು ಗುಳ್ಳೆ. ನಿಧಾನವಾಗಿ ಗಂಟಾಗುತ್ತದೆ, ನಡುವೆ ಒಡೆದು ಹಕ್ಕಳೆ ಕಟ್ಟುತ್ತದೆ, ಅಂಚು ಉಬ್ಬಿ ಗಟ್ಟಿಯಾಗುತ್ತದೆ. ಬಿಕಾನೇರ್‌ನಲ್ಲಿ ಹೆಚ್ಚಾಗಿ ಕಾಣುವುದು ಲೀಶ್ಮೇನಿಯಾ ಟ್ರೋಪಿಕಾ ಅನ್ನೋ ಜಾತಿ. ಇದರ ಹುಣ್ಣು ಒಣ ಹುಣ್ಣು, ಕೀವು ಕಡಿಮೆ. ಸುಮ್ನೆ ಬಿಟ್ಟರೂ ಒಂದು ವರ್ಷದ ಆಸುಪಾಸಿನಲ್ಲಿ ತಾನಾಗಿ ಮಾಯುವುದುಂಟು, ಕಲೆ ಮಾತ್ರ ಉಳಿಯುತ್ತದೆ. ಕೆಲವರಿಗೆ ವರ್ಷಗಳ ನಂತರ ಆ ಕಲೆಯ ಅಂಚಿನಲ್ಲೇ ಮತ್ತೆ ಸಣ್ಣ ಗುಳ್ಳೆಗಳು ಏಳುತ್ತವೆ. ಅದು ನೋಡಲು ಥೇಟ್ ಚರ್ಮದ ಕ್ಷಯದ ಥರ ಇರುತ್ತದೆ.

ಕಣ್ಣಿಗೆ ಎಷ್ಟೇ ಖಚಿತ ಅನಿಸಿದರೂ ಸ್ಮಿಯರ್, ಅಂದರೆ ಹುಣ್ಣಿನ ರಸವನ್ನು ಗಾಜಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ, ಮಾಡದೆ ನಾನು ಔಷಧ ಶುರು ಮಾಡುವುದಿಲ್ಲ. ಮೊದಲು ಸಲೈನ್ ಹಾಕಿ ಹಕ್ಕಳೆ ನೆನೆಸಿ ತೆಗೆಯುತ್ತೇನೆ. ಸ್ಯಾಂಪಲ್ ತೆಗೆಯುವುದು ನಡುವಿನ ಕೊಳೆತ ಭಾಗದಿಂದಲ್ಲ, ಉಬ್ಬಿದ ಅಂಚಿನಿಂದ. ಅಲ್ಲಿಯ ಚರ್ಮವನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದು, ರಕ್ತ ಸರಿದು ಬಿಳಿಚಿಕೊಂಡ ಮೇಲೆ 15ನೇ ನಂಬರ್ ಬ್ಲೇಡಿನಿಂದ ಸಣ್ಣ ಗೀರು ಹಾಕುತ್ತೇನೆ. ಬ್ಲೇಡನ್ನು ಅಡ್ಡ ತಿರುಗಿಸಿ ಗೀರಿನ ಒಳಗೋಡೆಯನ್ನು ಕೆರೆದರೆ ಸ್ವಲ್ಪ ರಸ ಬರುತ್ತದೆ. ಅದನ್ನು ಗಾಜಿನ ಸ್ಲೈಡಿಗೆ ತೆಳುವಾಗಿ ಸವರಿ, ಒಣಗಿಸಿ, ಮೆಥನಾಲ್‌ನಲ್ಲಿ ಗಾಜಿಗೆ ಕಚ್ಚಿಕೊಳ್ಳುವಂತೆ ಹಿಡಿಸಿ, ಗೀಮ್ಸಾ ಅನ್ನೋ ಬಣ್ಣ ಹಾಕಬೇಕು. ಬೆರಳಿನ ಹಿಡಿತ ಸಡಿಲವಾದರೆ ಸ್ಲೈಡ್ ತುಂಬ ಬರೀ ರಕ್ತ, ಏನೂ ಕಾಣುವುದಿಲ್ಲ.

ಸೂಕ್ಷ್ಮದರ್ಶಕದ ಆಯಿಲ್ ಇಮ್ಮರ್ಶನ್ ಲೆನ್ಸಿನಲ್ಲಿ ಹುಡುಕಬೇಕಾದದ್ದು ರೋಗಾಣು ನುಂಗುವ ಮ್ಯಾಕ್ರೋಫೇಜ್ ಜೀವಕೋಶದ ಒಳಗಿನ ಪುಟ್ಟ ಅಂಡಾಕಾರದ ವಸ್ತುಗಳು. ಒಂದೊಂದರಲ್ಲೂ ಒಂದು ದೊಡ್ಡ ಚುಕ್ಕಿ, ಪಕ್ಕದಲ್ಲಿ ಒಂದು ಸಣ್ಣ ಕಡ್ಡಿ. ಚುಕ್ಕಿ ಪರಾವಲಂಬಿಯ ನ್ಯೂಕ್ಲಿಯಸ್, ಕಡ್ಡಿ ಅದರ ಕೈನೆಟೊಪ್ಲಾಸ್ಟ್ ಅನ್ನೋ ಭಾಗ. ಎರಡೂ ಕಂಡರೆ ಮಾತ್ರ ಲೀಶ್ಮೇನಿಯಾ ಅನ್ನಬೇಕು, ಬಣ್ಣದ ಕಸ ಎಷ್ಟೋ ಸಲ ಮೋಸ ಮಾಡುತ್ತದೆ. ಹೊಸ ಹುಣ್ಣಿನಲ್ಲಿ ಇವು ಧಾರಾಳ. ಹಳೆಯ ಹುಣ್ಣಿನಲ್ಲಿ ಕಡಿಮೆಯಾಗುತ್ತವೆ, ಆಗ ಬಯಾಪ್ಸಿ (ಚರ್ಮದ ಚೂರು ತೆಗೆದು ನೋಡುವುದು) ಅಥವಾ ಪಿಸಿಆರ್ (ಪರಾವಲಂಬಿಯ ಡಿಎನ್‌ಎ ಹುಡುಕುವ ಪರೀಕ್ಷೆ) ಬೇಕಾಗಬಹುದು.

ನಮ್ಮ ಕಡೆಯ ವೈದ್ಯರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಕುಷ್ಠರೋಗಕ್ಕೆ ಸ್ಮಿಯರ್ ತೆಗೆಯುವ ವಿಧಾನವೂ ಇದೇ. ಆ ಕೈಚಳಕ ಇರುವ ಹಳೆಯ ಲ್ಯಾಬ್ ಟೆಕ್ನಿಷಿಯನ್ನರು ನಮ್ಮ ಜಿಲ್ಲೆಗಳಲ್ಲಿ ಇನ್ನೂ ಇದ್ದಾರೆ. ಬಣ್ಣ ಮಾತ್ರ ಬೇರೆ. ಅವರು ನಿವೃತ್ತರಾಗುವ ಮೊದಲು ಕಿರಿಯರು ಪಕ್ಕದಲ್ಲಿ ನಿಂತು ಕಲಿಯಬೇಕು ಅನ್ನೋದು ನನ್ನ ಕಳಕಳಿ.

ಚಿಕಿತ್ಸೆಗೆ ಬಹಳ ಕಾಲದಿಂದ ಇರುವುದು ಸೋಡಿಯಂ ಸ್ಟಿಬೋಗ್ಲುಕೊನೇಟ್ ಅನ್ನೋ ಇಂಜೆಕ್ಷನ್. ಹುಣ್ಣು ಒಂದೆರಡೇ ಇದ್ದರೆ ಅಂಚಿಗೇ ಚುಚ್ಚುತ್ತೇವೆ, ಚರ್ಮ ಬಿಳಿಚುವವರೆಗೆ. ಇದನ್ನು ವಾರ ವಾರ ಮತ್ತೆ ಮಾಡಬೇಕು. ತುಂಬ ನೋಯುತ್ತದೆ, ಮೂಗಿನ ತುದಿಯಲ್ಲಂತೂ ದೊಡ್ಡವರೂ ತಡೆಯಲಾರರು. ಬಿಕಾನೇರ್‌ನಲ್ಲಿ ರೇಡಿಯೋ ತರಂಗದಿಂದ ಶಾಖ ಕೊಡುವ ವಿಧಾನವೂ ಇತ್ತು. ಮರಗಟ್ಟಿಸಿ, 50 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಒಂದೊಂದು ಜಾಗಕ್ಕೆ ಅರ್ಧ ನಿಮಿಷದಷ್ಟು ಕೊಡುವುದು. ಎಷ್ಟೋ ಜನರಿಗೆ ಒಂದೇ ಸಲಕ್ಕೆ ಮುಗಿಯುತ್ತಿತ್ತು. ದೂರದ ಹಳ್ಳಿಯಿಂದ ಕೂಲಿ ಬಿಟ್ಟು ಬರುವವರಿಗೆ ಇದು ಎಷ್ಟು ದೊಡ್ಡ ಉಪಕಾರ! ಹುಣ್ಣು ಬಹಳ ಇದ್ದರೆ ಸ್ಟಿಬೋಗ್ಲುಕೊನೇಟನ್ನು ಹುಣ್ಣಿಗಲ್ಲ, ಇಡೀ ಮೈಗೆ ಹರಡುವಂತೆ ಸ್ನಾಯುವಿಗೆ ಅಥವಾ ರಕ್ತನಾಳಕ್ಕೆ ಕೊಡಬೇಕು. ಅದು ಹೃದಯಕ್ಕೆ ತೊಂದರೆ ಮಾಡಬಹುದು, ಆಗ ಇಸಿಜಿ ನೋಡುತ್ತಿರಬೇಕು.

ಕಾಯಿಲೆ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಹಿಮಾಚಲದ ಸಟ್ಲೆಜ್ ಕಣಿವೆಯಿಂದ 161 ಹೊಸ ರೋಗಿಗಳ ವರದಿ 2005ರಲ್ಲಿ ಬಂತು. ಅಲ್ಲಿ ಜಾತಿ ಪತ್ತೆಗೆ ಪರೀಕ್ಷಿಸಿದ ಕೆಲವರಲ್ಲಿ ಹೆಚ್ಚಿನವರ ಹುಣ್ಣಿನಲ್ಲಿ ಸಿಕ್ಕಿದ್ದು ಕಾಲಾ ಅಜಾರ್ ತರುವ ಲೀಶ್ಮೇನಿಯಾ ಡೊನೊವನಿ ಜಾತಿ. ಕೇರಳದ ಅಗಸ್ತ್ಯಮಲೆಯ ಕಾಣಿ ಬುಡಕಟ್ಟಿನ ಜನರಲ್ಲೂ, ಶ್ರೀಲಂಕಾದಲ್ಲೂ ಹೀಗೇ. ಸೌದಿಯ ಅಲ್ ಅಹ್ಸಾದ ಕಥೆಯೇ ಬೇರೆ. ಅಲ್ಲಿ ಲೀಶ್ಮೇನಿಯಾ ಮೇಜರ್, ಅದು ಮರುಭೂಮಿಯ ಇಲಿಗಳಲ್ಲಿ ಬದುಕಿರುತ್ತದೆ. ಹುಣ್ಣು ಒದ್ದೆ, ಬೇಗ ಬೆಳೆಯುತ್ತದೆ, ಹಲವು ಇರುತ್ತವೆ, ಕಾಲಿನ ಮೇಲೆ ಜಾಸ್ತಿ. ಕೆಲವರಿಗೆ ಹುಣ್ಣಿನಿಂದ ಮೇಲಕ್ಕೆ ಸಾಲಾಗಿ ಗಂಟುಗಳೂ ಏಳುತ್ತವೆ. ಊರಿಗೆ ಹೊಸದಾಗಿ ಹೋದವರಿಗೆ ಮೈಯಲ್ಲಿ ರಕ್ಷಣೆ ಇರುವುದಿಲ್ಲ, ಅವರೇ ಬೇಗ ಸಿಕ್ಕಿಬೀಳುತ್ತಾರೆ.

ನಮ್ಮ ಕರಾವಳಿಯಿಂದ ಗಲ್ಫ್‌ಗೆ ದುಡಿಯಲು ಹೋಗುವವರು ಎಷ್ಟು ಜನ! ಈಗ ನಾನು ಕೆಲಸ ಮಾಡುವ ಊರಿಗೆ ಸೌದಿಯಿಂದ ರಜೆಗೆ ಬಂದಿದ್ದ ಒಬ್ಬರು ಕಾಲಿನ ಹುಣ್ಣು ತೋರಿಸಲು ಬಂದರು. "ಡಾಕ್ಟ್ರೇ, ಆ್ಯಂಟಿಬಯಾಟಿಕ್ ನುಂಗಿ ನುಂಗಿ ಸಾಕಾಯ್ತು. ಶುಗರ್ ಇರಬೇಕು ಅಂದ್ರು, ಅದೂ ಇಲ್ಲ" ಅಂದರು. ಎರಡೂ ಕಣಕಾಲಿನ ಸುತ್ತ ಹುಣ್ಣು. ಕೆಲಸ ತೋಟದಲ್ಲಿ, ಬೇಸಿಗೆಯಲ್ಲಿ ಮಲಗುತ್ತಿದ್ದುದು ಶೆಡ್ಡಿನ ಹೊರಗೆ ನೆಲದ ಮೇಲೆ. ಸ್ಮಿಯರ್‌ನಲ್ಲಿ ಚುಕ್ಕಿ, ಕಡ್ಡಿ ಎರಡೂ ಸಿಕ್ಕವು. ಹುಣ್ಣಿಗೆ ಇಂಜೆಕ್ಷನ್ ಶುರು ಮಾಡಿದೆವು.

ವಾಪಸ್ ಹೋದ ಮೇಲೆ ಏನು ಮಾಡಬೇಕು ಅಂತ ಅವರು ಕೇಳಿದರು. ನೆಲ ಬಿಟ್ಟು ಎತ್ತರದ ಮಂಚದ ಮೇಲೆ ಮಲಗಿ, ಸಂಜೆ ಮೇಲೆ ಉದ್ದ ಪ್ಯಾಂಟು, ಕಾಲುಚೀಲ ಹಾಕಿ ಅಂದೆ. ಮಾಮೂಲಿ ಸೊಳ್ಳೆಪರದೆಯ ಕಣ್ಣಿನಲ್ಲಿ ಈ ನೊಣ ನುಸುಳುತ್ತದೆ, ಆದ್ದರಿಂದ ಕೀಟನಾಶಕ ಹಚ್ಚಿದ, ಸಣ್ಣ ಕಣ್ಣಿನ ಪರದೆ ತಗೊಳ್ಳಿ, ಫ್ಯಾನ್ ಹಾಕ್ಕೊಳ್ಳಿ ಅಂತಲೂ ಹೇಳಿದೆ. ಜೊತೆಯಲ್ಲಿ ಮಲಗುವ ಯಾರಿಗಾದರೂ ಹೀಗೆ ಆಗಿದೆಯಾ ಅಂತ ಕೇಳಿದಾಗ ಅವರು ಫೋನ್ ತೆಗೆದು ಅಲ್ಲಿದ್ದ ಗೆಳೆಯರಿಗೆ ಮೆಸೇಜ್ ಹಾಕಿದರು. ಸಂಜೆಯೊಳಗೆ ಎರಡು ಕಾಲಿನ, ಒಂದು ಮೊಣಕೈಯ ಫೋಟೋ ಬಂದವು. ಅವುಗಳನ್ನು ನೋಡಿ, ಅಲ್ಲೇ ಹತ್ತಿರದ ಚರ್ಮದ ವೈದ್ಯರ ಬಳಿ ಹೋಗಿ ಸ್ಮಿಯರ್ ಮಾಡಿಸಿ ಅಂತ ಮೂವರಿಗೂ ಹೇಳಿ ಕಳಿಸಿದೆ.