ಹಳೆ ಕ್ರಿಸ್‌ಮಸ್ ಚಿತ್ರಪುಸ್ತಕದ ಮುಗ್ಗಲು ವಾಸನೆಗೆ ಅಡುಗೆ ಸೋಡಾ
ಚಿಕ್ಕಂದಿನ ಕ್ರಿಸ್‌ಮಸ್ ಚಿತ್ರಪುಸ್ತಕ ಟ್ರಂಕಿನ ತಳದಲ್ಲಿ ಸಿಕ್ಕಿ, ತೆರೆದರೆ ಮುಗ್ಗಲು ವಾಸನೆ ಹೊಡೆಯುತ್ತಿದೆಯಾ? ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಪುಸ್ತಕವನ್ನು ಬೀಸಣಿಗೆ ಥರ ಹಾಳೆ ಬಿಡಿಸಿ ನಿಲ್ಲಿಸಿ. ಪಕ್ಕದಲ್ಲಿ ಒಂದು ಬಟ್ಟಲು ಸೋಡಾ ಇಡಿ. ಅದೇ, ಭಜಿಗೆ ಹಾಕುವ ಅಡುಗೆ ಸೋಡಾ. ಒಂದು ವಾರ ಮುಚ್ಚಳ ತೆಗೆಯಬೇಡಿ. ಹಳೆ ಕಾಗದದ ವಾಸನೆಯಲ್ಲಿ ಆಮ್ಲದ ಅಂಶ ಇರುತ್ತದೆ, ಸೋಡಾ ಅದನ್ನು ಹೀರಿಕೊಳ್ಳುತ್ತದೆ. ಪುಡಿಯನ್ನು ಹಾಳೆ ಮೇಲೆ ಉದುರಿಸಬೇಡಿ, ಹೊಲಿಗೆ ಸಂದಿಗೆ ಸೇರಿದರೆ ಹೊರಗೆ ಬರುವುದಿಲ್ಲ. ನಮ್ಮ ಕಲಬುರಗಿ ಬಿಸಿಲೇ ಸಾಕಲ್ಲ ಅಂತ ಮಾಳಿಗೆ ಮೇಲೆ ಒಣಹಾಕುವುದಂತೂ ಬೇಡವೇ ಬೇಡ. ಬಿಸಿಲಿಗೆ ಮೊದಲು ಹೋಗುವುದು ಕೆಂಪು, ಹಳದಿ. ಕ್ರಿಸ್‌ಮಸ್ ತಾತನ ಅಂಗಿ ಬಿಳಚಿಕೊಂಡು ಹಿಂದಿನ ನೀಲಿ ಆಕಾಶ ಮಾತ್ರ ಉಳಿಯುತ್ತದೆ. ಹಾಳೆ ಮೇಲೆ ಕಪ್ಪು, ಹಸಿರು ಬೂಷ್ಟು ಕಂಡರೆ ಸೋಡಾದಿಂದ ಏನೂ ಆಗದು. ಮೊದಲು ನೆರಳಲ್ಲಿ ಪೂರ್ತಿ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ಮೆತ್ತನೆ ಬ್ರಷ್‌ನಿಂದ ಬೂಷ್ಟು ತೆಗೆಯಿರಿ. ನೀರು ಬಿದ್ದು ಅಂಟಿಕೊಂಡ ನುಣುಪು ಹಾಳೆಗಳನ್ನು ಮಾತ್ರ ಎಳೆಯಬೇಡಿ, ಚಿತ್ರವೇ ಕಿತ್ತು ಬರುತ್ತದೆ. ಹಾಗೇ ಇರಲಿ ಬಿಡಿ, ಆ ಪುಟದಲ್ಲಿ ಏನಿತ್ತು ಅಂತ ನಿಮಗೆ ಬಾಯಿಪಾಠ ಇರುತ್ತೆ ಅಲ್ವಾ?