ಸಂಘದ ಚಂದಾ ಕಟ್ಟಬೇಕಾ? ಕಟ್ಟುವ ಮುಂಚೆ ಇಷ್ಟು ನೋಡಿಕೊಳ್ಳಿ

ಆಯನೂರಿನ ಹುಡುಗನೊಬ್ಬ ಹೋದ ತಿಂಗಳು ಫೋನ್ ಮಾಡಿದ್ದ. ಎರಡು ವರ್ಷ ನನ್ನ ಜೊತೆ ಸೆಕೆಂಡ್ ಕ್ಯಾಮೆರಾಕ್ಕೆ ಬರುತ್ತಿದ್ದವನು, ಈಗ ಸ್ವಂತ ಸ್ಟುಡಿಯೋ ಹಾಕಿದ್ದಾನೆ. "ಅಣ್ಣ, ಫೋಟೋಗ್ರಾಫರ್ಸ್ ಸಂಘದವರು ಬಂದಿದ್ರು. ಸೇರೋಕೆ ಐನೂರು, ವರ್ಷಕ್ಕೆ ಸಾವಿರ ಅಂತೆ. ಕಟ್ಲಾ ಬೇಡ್ವಾ?" ಅಂತ ಕೇಳಿದ. ಫೋನಲ್ಲಿ ಐದು ನಿಮಿಷಕ್ಕೆ ಹೇಳಿ ಮುಗಿಸುವ ವಿಷಯ ಅಲ್ಲ ಇದು, ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಾನು ತೀರ್ಥಹಳ್ಳಿ ಕಡೆ ಹದಿನೈದು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಒಂದು ಸಂಘ ಬಿಟ್ಟಿದ್ದೇನೆ, ಇನ್ನೊಂದರಲ್ಲಿ ಇದ್ದೇನೆ. ವೈರಿಂಗ್ ಮಾಡುವವರು, ಶಾಮಿಯಾನದವರು, ಹೋಂಸ್ಟೇ ನಡೆಸುವವರೂ ಓದಬಹುದು, ಲೆಕ್ಕ ಹೆಚ್ಚುಕಡಿಮೆ ಒಂದೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ತಾಲೂಕಿನ ಸಂಘಕ್ಕೆ ಒಂದು ವರ್ಷದ ಮಟ್ಟಿಗೆ ಸೇರಿ ನೋಡಿ. ಆಜೀವ ಸದಸ್ಯತ್ವ ಅಂತ ಒಟ್ಟಿಗೆ ದೊಡ್ಡ ಮೊತ್ತ ಕೇಳಿದರೆ ಈಗಲೇ ಬೇಡ ಅನ್ನಿ. ರಾಜ್ಯ ಮಟ್ಟದ್ದು, ದೇಶ ಮಟ್ಟದ್ದು ಆಮೇಲೆ. ಕೆಲಸಕ್ಕೆ ಬರುವುದು ಹತ್ತಿರದವರೇ.

ಯಾಕೆ ಅಂತ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಶ್ರಾವಣದಲ್ಲಿ ಹೊಸನಗರದ ಹತ್ತಿರ ಒಂದು ಮದುವೆ. ನನ್ನ ಇನ್ನೊಂದು ಕ್ಯಾಮೆರಾ ಬಾಡಿ ರಿಪೇರಿಗೆ ಹೋಗಿತ್ತು, ಕೈಯಲ್ಲಿ ಇದ್ದದ್ದು ಒಂದೇ. ಧಾರೆಗೆ ಇನ್ನೂ ಮುಕ್ಕಾಲು ಗಂಟೆ ಇದೆ ಅನ್ನುವಾಗ ಶಟರ್ ಅರ್ಧಕ್ಕೆ ನಿಂತುಬಿಟ್ಟಿತು. ಬ್ಯಾಟರಿ ತೆಗೆದು ಹಾಕಿದೆ, ಲೆನ್ಸ್ ಬಿಚ್ಚಿ ಹಾಕಿದೆ, ಏನೂ ಆಗಲಿಲ್ಲ. ಊಟದ ಹಾಲ್‌ ಹಿಂದೆ ಪಾತ್ರೆ ತೊಳೆಯುವ ಜಾಗದಲ್ಲಿ ನಿಂತು ಸಂಘದ ಗ್ರೂಪಿಗೆ ಒಂದು ಸಾಲು ಹಾಕಿದೆ. ರಿಪ್ಪನ್‌ಪೇಟೆಯ ಒಬ್ಬರು, ಹಿಂದಿನ ವರ್ಷದ ಸಭೆಯಲ್ಲಿ ಒಮ್ಮೆ ಮಾತ್ರ ನೋಡಿದ್ದೆ, ತಕ್ಷಣ ಫೋನ್ ಮಾಡಿ "ಯಾವ ಕಂಪನಿ ಲೆನ್ಸು?" ಅಂತ ಅಷ್ಟೇ ಕೇಳಿ ಹೊರಟರು. ಆ ಮಳೆಯಲ್ಲಿ ಬೈಕಲ್ಲಿ ಬಂದರು. ಕ್ಯಾಮೆರಾವನ್ನು ಅಕ್ಕಿ ಚೀಲದ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಜರ್ಕಿನ್ ಒಳಗೆ ಎದೆಗೆ ಒತ್ತಿ ಹಿಡಿದುಕೊಂಡಿದ್ದರು. ಅವರ ಪ್ಯಾಂಟು ಮಂಡಿವರೆಗೆ ಕೆಸರು, ಬಾಡಿ ಮೇಲೆ ಒಂದು ಹನಿ ನೀರಿಲ್ಲ. ಹುಡುಗಿಯ ಅಪ್ಪ ಧಾರೆ ಎರೆಯುವ ಹೊತ್ತಿಗೆ ನನ್ನ ಕೈಯಲ್ಲಿ ಕ್ಯಾಮೆರಾ ಇತ್ತು. ಬಾಡಿಗೆ ಎಷ್ಟು ಅಂದರೆ ತಗೊಳ್ಳಲಿಲ್ಲ. ಆ ಒಂದು ದಿನಕ್ಕೆ ನಾನು ಅಷ್ಟು ವರ್ಷ ಕಟ್ಟಿದ ಚಂದಾ ಎಲ್ಲಾ ಸೇರಿಸಿದರೂ ಸಾಲದು.

ಹಾಗಾಗಿ ಸೇರುವ ಮುಂಚೆ ಮೊದಲ ಕೆಲಸ ಇದು. ಅಧ್ಯಕ್ಷರನ್ನು, ಕಾರ್ಯದರ್ಶಿಯನ್ನು ಕೇಳಬೇಡಿ. ಪದಾಧಿಕಾರಿ ಅಲ್ಲದ ಮೂರು ಜನ ಸದಸ್ಯರನ್ನು ಹುಡುಕಿ, ಅದರಲ್ಲಿ ಒಬ್ಬರಾದರೂ ಹೋಬಳಿ ಕಡೆಯ ಸಣ್ಣ ಸ್ಟುಡಿಯೋದವರು ಇರಲಿ. "ಹೋದ ವರ್ಷ ಯಾರಿಗಾದರೂ ಕಷ್ಟ ಬಂದಾಗ ಸಂಘ ಏನು ಮಾಡಿತು?" ಅಂತ ಕೇಳಿ. ಹೆಸರು, ಊರು ಸಮೇತ ಉತ್ತರ ಬಂದರೆ ಒಳ್ಳೆಯ ಲಕ್ಷಣ. "ಸಂಘ ಅಂದ್ಮೇಲೆ ಒಗ್ಗಟ್ಟು ಅಲ್ವಾ" ಅಂತ ಬಂದರೆ ಇನ್ನೂ ವಿಚಾರಿಸಿ.

ಎರಡನೆಯದು ಲೆಕ್ಕ. ನಾನು ಬಿಟ್ಟ ಸಂಘದಲ್ಲಿ ಎರಡು ವರ್ಷ ದುಡ್ಡು ಕಟ್ಟಿದ್ದೆ, ರಸೀದಿ ಕೊಡಲಿಲ್ಲ, ಒಂದು ಗುರುತಿನ ಚೀಟಿ ಕೊಟ್ಟರು ಅಷ್ಟೇ. ಲೆಕ್ಕ ಕೇಳಿದ್ದಕ್ಕೆ "ನಿಮಗೆ ನಂಬಿಕೆ ಇಲ್ವಾ?" ಅಂದರು. ಆಗ ನನಗೆ ಸುಮ್ನೆ ಕೂರಬೇಕು ಅನ್ನಿಸಿತ್ತು, ಈಗ ಹಾಗಲ್ಲ ಅಂತ ಗೊತ್ತು. ನಮ್ಮಲ್ಲಿ ಇಂಥ ಸಂಘಗಳು ಸಾಮಾನ್ಯವಾಗಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಣಿ ಆಗಿರುತ್ತವೆ. ಹಾಗೆ ಆಗಿದ್ದರೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಲೆಕ್ಕಪತ್ರ ಇಡಬೇಕು, ಅದನ್ನೂ ಪದಾಧಿಕಾರಿಗಳ ಪಟ್ಟಿಯನ್ನೂ ರಿಜಿಸ್ಟ್ರಾರ್ ಕಚೇರಿಗೆ ಕೊಡಬೇಕು. ಅಂದರೆ ಲೆಕ್ಕ ಕೇಳುವುದು ಅನುಮಾನ ಅಲ್ಲ, ನಿಮ್ಮ ಹಕ್ಕು. ರಸೀದಿ ಮೇಲೆ ನೋಂದಣಿ ಸಂಖ್ಯೆ ಇದೆಯಾ ನೋಡಿ. ಹೋದ ವರ್ಷದ ಜಮಾ ಖರ್ಚಿನ ಹಾಳೆ ತೋರಿಸಿ ಅನ್ನಿ. ಅದರಲ್ಲಿ ವೇದಿಕೆ, ಶಾಲು, ಹಾರ, ನೆನಪಿನ ಕಾಣಿಕೆಗೆ ಎಷ್ಟು ಹೋಗಿದೆ, ಕ್ಷೇಮನಿಧಿಗೆ ಮತ್ತು ತರಬೇತಿಗೆ ಎಷ್ಟು ಹೋಗಿದೆ ಅಂತ ಬೆರಳಿಟ್ಟು ನೋಡಿ. ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನ ಮಾಡಲಿ, ಹಿರಿಯರಿಗೆ ಸನ್ಮಾನ ಮಾಡಲಿ, ನನಗೂ ಅದು ಇಷ್ಟ. ಆದರೆ ಇಡೀ ವರ್ಷದ ಚಂದಾ ಆ ಒಂದು ದಿನಕ್ಕೇ ಮುಗಿದಿದ್ದರೆ ನಿಮ್ಮ ಸಾವಿರ ರೂಪಾಯಿಗೆ ಸಿಗುವುದು ಒಂದು ಊಟ, ಒಂದು ಗ್ರೂಪ್ ಫೋಟೋ.

ಕ್ಷೇಮನಿಧಿ ಇದೆ ಅಂದರೆ ಅದರ ನಿಯಮ ಬರಹದಲ್ಲಿ ಇರಬೇಕು. ಯಾರಿಗೆ, ಎಷ್ಟು, ಎಷ್ಟು ದಿನದೊಳಗೆ ಕೊಡುತ್ತಾರೆ ಅಂತ. ಬಾಯಿಮಾತಿನ ನಿಧಿ ನಂಬಬೇಡಿ.

ವಿಮೆ ಮಾಡಿಸುತ್ತೇವೆ ಅಂದಾಗಲೂ ಸ್ವಲ್ಪ ನಿಧಾನ. ಯಾವ ಪಾಲಿಸಿ, ಯಾರ ಹೆಸರಲ್ಲಿ, ಪ್ರೀಮಿಯಂ ಎಷ್ಟು ಅಂತ ಕೇಳಿ. ಯಾಕೆಂದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ 2 ಲಕ್ಷದ ಅಪಘಾತ ವಿಮೆ ವರ್ಷಕ್ಕೆ ಬರೀ 20 ರೂಪಾಯಿಗೆ ನಿಮ್ಮ ಬ್ಯಾಂಕಲ್ಲೇ ಸಿಗುತ್ತದೆ, 436 ರೂಪಾಯಿಗೆ ಜೀವನ್ ಜ್ಯೋತಿ ಅನ್ನುವ ಜೀವ ವಿಮೆಯೂ ಇದೆ. ಅದೇ 2 ಲಕ್ಷದ ಅಪಘಾತ ವಿಮೆಗೆ ನಾಲ್ಕು ನೂರು ಜಾಸ್ತಿ ಕೊಟ್ಟು ಸಂಘದ ಮೂಲಕ ಮಾಡಿಸುವ ಅಗತ್ಯ ಇಲ್ಲ. ಕ್ಯಾಮೆರಾ ವಿಮೆ ಮಾತ್ರ ಬೇರೆ ವಿಷಯ. ಹತ್ತಾರು ಜನ ಸೇರಿ ಹೋಗಿ ಕೇಳಿದರೆ ಏಜೆಂಟು ಸರಿಯಾಗಿ ಕೂತು ಮಾತಾಡುತ್ತಾನೆ. ಪಾಲಿಸಿಯಲ್ಲಿ ನಿಮ್ಮ ಬಾಡಿ, ಲೆನ್ಸಿನ ಸೀರಿಯಲ್ ನಂಬರ್ ಬರೆದಿರಬೇಕು.

ಇನ್ನು ನಮ್ಮ ಮಲೆನಾಡಿನ ದೊಡ್ಡ ತಲೆನೋವು, ಫಂಗಸ್. ಜೂನ್ ಶುರುವಾದರೆ ಗೋಡೆಗೂ ಬೂಷ್ಟು, ಬೆಲ್ಟಿಗೂ ಬೂಷ್ಟು, ಲೆನ್ಸಿಗೂ ಬೂಷ್ಟು. ಬಲ್ಬಿನ ಎದುರು ಲೆನ್ಸ್ ಹಿಡಿದು ಓರೆಯಾಗಿ ನೋಡಿದರೆ ಗಾಜಿನ ಅಂಚಿನಿಂದ ಬಿಳಿ ಎಳೆ ಎಳೆಯಾಗಿ ಜೇಡರ ಬಲೆಯ ಹಾಗೆ ಹಬ್ಬಿರುತ್ತದೆ. ಒಬ್ಬರೇ ಬೆಂಗಳೂರಿಗೆ ಹೋಗಿ ಕ್ಲೀನ್ ಮಾಡಿಸಿದರೆ ಕೂಲಿಯ ಮೇಲೆ ಬಸ್ ಚಾರ್ಜು, ಊಟ, ಎರಡು ದಿನದ ದುಡಿಮೆ ಹೋಯಿತು. ನಮ್ಮ ಸಂಘ ಮಳೆಗಾಲ ಮುಗಿದ ಮೇಲೆ ಒಬ್ಬ ಟೆಕ್ನಿಷಿಯನ್‌ರನ್ನು ಇಲ್ಲಿಗೇ ಕರೆಸುತ್ತದೆ. ಎರಡು ದಿನ ಒಂದು ಕೋಣೆ ಬಾಡಿಗೆಗೆ ಹಿಡಿದು ಕೂರಿಸುತ್ತಾರೆ, ಎಲ್ಲರೂ ಲೆನ್ಸ್ ತಂದು ಸಾಲಾಗಿ ಇಡುತ್ತಾರೆ, ಪ್ರತಿಯೊಂದಕ್ಕೂ ಹೆಸರು ಬರೆದ ಚೀಟಿ. ನನ್ನ ಎರಡು ಲೆನ್ಸ್ ಅಲ್ಲೇ ಸರಿಯಾಯಿತು, ಆ ವರ್ಷದ ಚಂದಾ ಅಲ್ಲಿಗೇ ವಸೂಲಾಯಿತು. ನಿಮ್ಮ ಸಂಘದಲ್ಲಿ ಹೀಗೆ ಮಾಡುವುದಿಲ್ಲವೇ? ಸೇರಿದ ಮೊದಲ ಸಭೆಯಲ್ಲೇ ಎದ್ದು ನಿಂತು ಕೇಳಿ. ಇದಕ್ಕೆ ದೊಡ್ಡ ದುಡ್ಡು ಬೇಡ, ಒಬ್ಬರು ಓಡಾಡಿದರೆ ಸಾಕು.

ತರಬೇತಿ ಅಂದರೆ ಕಂಪನಿಯವರು ಬಂದು ಹೊಸ ಕ್ಯಾಮೆರಾ ತೋರಿಸಿ ಹೋಗುವುದಲ್ಲ. ಸಂಘಕ್ಕೆ ನೀವು ಕೇಳಬೇಕಾದ ಪಾಠ ಬೇರೆ ಇದೆ. ಡ್ರೋನ್ ನೋಡಿ. ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆ ಆಯಿತು. ಡ್ರೋನ್ ನಿಯಮಗಳು, 2021ರ ಪ್ರಕಾರ ವಿಮಾನ ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ, 8ರಿಂದ 12 ಕಿ.ಮೀ. ನಡುವೆ ಅನುಮತಿ ಇಲ್ಲದೆ 200 ಅಡಿ ಮೀರುವಂತಿಲ್ಲ. ಶಿವಮೊಗ್ಗ ಸುತ್ತಿನ ಛತ್ರಗಳಲ್ಲಿ ಮದುವೆ ಒಪ್ಪಿಕೊಳ್ಳುವವರು ಇದನ್ನು ತಿಳಿದಿರಲೇಬೇಕು. 250 ಗ್ರಾಂ ಮೀರಿದ ಡ್ರೋನನ್ನು ದುಡಿಮೆಗೆ ಹಾರಿಸಲು ಪೈಲಟ್ ಪ್ರಮಾಣಪತ್ರವೂ ಬೇಕು. ಇನ್ನೊಂದು, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದೇ. ಕಾಪಿರೈಟ್ ಕಾಯ್ದೆ, 1957ರ 17ನೇ ಕಲಮು ಹಾಗೆ ಹೇಳುತ್ತದೆ. ನಿಮ್ಮ ಸ್ಟುಡಿಯೋ ಬೋರ್ಡಿಗೆ ಮದುಮಗಳ ಫೋಟೋ ಹಾಕಬೇಕಾದರೆ ಬುಕಿಂಗ್ ಫಾರಂನಲ್ಲೇ ಒಪ್ಪಿಗೆ ಬರೆಸಿಕೊಳ್ಳಬೇಕು. ಸಂಘ ಒಬ್ಬ ವಕೀಲರನ್ನು ಕೂರಿಸಿ ಕನ್ನಡದಲ್ಲಿ ಒಂದು ಒಳ್ಳೆಯ ಫಾರಂ ಮಾಡಿಸಿ ಎಲ್ಲರಿಗೂ ಹಂಚಿದರೆ, ಅದೊಂದೇ ಐದು ವರ್ಷದ ಚಂದಾಕ್ಕೆ ಸಮ.

ಸಂಘ ಇಲ್ಲದೆಯೂ ನೀವೇ ಮಾಡಿಕೊಳ್ಳಬಹುದಾದ ಕೆಲಸಕ್ಕೆ ದುಡ್ಡು ಕೊಡಬೇಡಿ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ, ಪೂರ್ತಿ ಉಚಿತ, ಆಧಾರ್, ಪ್ಯಾನ್ ಇದ್ದರೆ ಮೊಬೈಲಲ್ಲೇ ಆಗುತ್ತದೆ. ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ರೆಸಾರ್ಟಿನವರು, ಕಂಪನಿಯವರು ಫೋಟೋ ತೆಗೆಸಿಕೊಂಡು ಬಾಕಿ ಕೊಡದೆ ಸತಾಯಿಸಿದರೆ ಅದು ಕೈ ಹಿಡಿಯುತ್ತದೆ. ಬರಹದ ಒಪ್ಪಂದ ಇದ್ದರೂ 45 ದಿನಕ್ಕಿಂತ ಜಾಸ್ತಿ ಎಳೆಯುವಂತಿಲ್ಲ, ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಕೇಂದ್ರದ ಸಣ್ಣ ಉದ್ಯಮಗಳ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಹಾಕಬಹುದು.

ರೇಟಿನ ವಿಷಯ ಕೊನೆಗೆ ಇಟ್ಟಿದ್ದೇನೆ, ಯಾಕೆಂದರೆ ಸಂಘಗಳಲ್ಲಿ ಜಗಳ ಆಗುವುದು ಅಲ್ಲೇ. ಇಷ್ಟಕ್ಕಿಂತ ಕಡಿಮೆಗೆ ಯಾರೂ ಮದುವೆ ಒಪ್ಪಬಾರದು, ಒಪ್ಪಿದರೆ ಆಲ್ಬಂ ಲ್ಯಾಬಿನವರಿಗೆ ಹೇಳಿ ಕೆಲಸ ನಿಲ್ಲಿಸುತ್ತೇವೆ ಅಂತ ಠರಾವು ಮಾಡುವ ಸಂಘ ಇದ್ದರೆ ಸೇರಬೇಡಿ. ರೇಟು ಕೆಳಗೆ ಬಿದ್ದಾಗ ಆಗುವ ಹೊಟ್ಟೆಯುರಿ ನನಗೂ ಗೊತ್ತು. ಆದರೆ ಒಟ್ಟಾಗಿ ದರ ಕಟ್ಟುವುದು, ಬಹಿಷ್ಕಾರ ಹಾಕುವುದು 2002ರ ಸ್ಪರ್ಧಾ ಕಾಯ್ದೆಗೆ ವಿರುದ್ಧ. ಡಬ್ಬಿಂಗ್ ಚಿತ್ರಗಳನ್ನು ತಡೆದ ವಿಚಾರದಲ್ಲಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೇ 2015ರಲ್ಲಿ ಸ್ಪರ್ಧಾ ಆಯೋಗ ದಂಡ ಹಾಕಿತ್ತು. ತಾಲೂಕು ಸಂಘ ಯಾವ ಲೆಕ್ಕ? ಅದರ ಬದಲು ಆಲ್ಬಂ ಹಾಳೆಗೆ, ಓಡಾಟಕ್ಕೆ, ಎಡಿಟಿಂಗಿಗೆ ನಿಜವಾಗಿ ಎಷ್ಟು ಖರ್ಚು ಬೀಳುತ್ತದೆ ಅಂತ ಹೊಸ ಹುಡುಗರಿಗೆ ಕೂರಿಸಿ ಲೆಕ್ಕ ಕಲಿಸಿ. ಖರ್ಚು ಗೊತ್ತಿಲ್ಲದೇ ಎಷ್ಟೋ ಜನ ಕಡಿಮೆಗೆ ಒಪ್ಪಿಕೊಳ್ಳುತ್ತಾರೆ.

ಸೇರುತ್ತೀರಿ ಅಂತಾದರೆ ದುಡ್ಡನ್ನು ಬ್ಯಾಂಕ್ ಮೂಲಕ ಸಂಘದ ಖಾತೆಗೇ ಹಾಕಿ, ಕಾರ್ಯದರ್ಶಿಯ ಸ್ವಂತ ಫೋನ್‌ಪೇಗೆ ಬೇಡ. ರಸೀದಿ ಇಟ್ಟುಕೊಳ್ಳಿ, ವ್ಯವಹಾರದ ಖರ್ಚಲ್ಲಿ ತೋರಿಸಬಹುದು. ವರ್ಷಕ್ಕೆ 1000 ರೂಪಾಯಿವರೆಗಿನ ಇಂಥ ಚಂದಾಕ್ಕೆ ಜಿಎಸ್‌ಟಿ ಬೀಳುವುದಿಲ್ಲ. ಆಮೇಲೆ ಸ್ಟುಡಿಯೋ ಡೈರಿಯ ಕೊನೆಯ ಹಾಳೆಯಲ್ಲಿ ಸಂಘದಿಂದ ಬಂದದ್ದು, ಸಂಘಕ್ಕೆ ನೀವು ಮಾಡಿದ್ದು ಎರಡನ್ನೂ ಬರೆಯುತ್ತಾ ಹೋಗಿ. ಮೂರು ಸಭೆಗಾದರೂ ಹೋಗಿ. ಯಾರಾದರೂ ಗ್ರೂಪಿನಲ್ಲಿ ಬ್ಯಾಟರಿ ಕೇಳಿದರೆ ನೀವೇ ಮೊದಲು ಎದ್ದು ಹೊರಡಿ. ಮುಂದಿನ ಚಂದಾ ಕೇಳಲು ಬಂದಾಗ ಆ ಹಾಳೆ ತೆಗೆದು ನೋಡಿ. ಖಾಲಿ ಇದ್ದರೆ ಬೇಡ ಅಂತ ಮರ್ಯಾದೆಯಿಂದ ಹೇಳಿ, ಮನಸ್ತಾಪ ಬೇಡ.

ಆಯನೂರಿನ ಹುಡುಗನಿಗೆ ಈ ಭಾನುವಾರದ ಸಭೆಗೆ ಬಾ ಅಂದಿದ್ದೇನೆ. ರಿಪ್ಪನ್‌ಪೇಟೆಯವರೂ ಬರುತ್ತಾರೆ. ಅವರ ಪಕ್ಕದಲ್ಲೇ ಕೂರಿಸುತ್ತೇನೆ.