ಸೈಕಲ್ ತಗೊಳ್ಳೋವಾಗ ಬ್ರ್ಯಾಂಡ್ ನೋಡ್ಬೇಕಾ? ಮೊದಲು ಕಾಲು ಊರಿ ನೋಡಿ

"ಯಾವ ಕಂಪನಿ ಸೈಕಲ್ ತಗೊಳ್ಲಿ?" ಅಂತ ಯಾರಾದ್ರೂ ಕೇಳಿದ್ರೆ ನಾನು ತಿರುಗಿ ಕೇಳೋದು ಮೂರೇ ಪ್ರಶ್ನೆ. ನಿಮ್ಮ ಎತ್ತರ ಎಷ್ಟು, ದಿನಾ ಎಲ್ಲಿಗೆ ಓಡಿಸ್ತೀರ, ಮನೆ ಹತ್ರ ಸೈಕಲ್ ರಿಪೇರಿ ಮಾಡೋರು ಯಾರಿದ್ದಾರೆ. ಇದ್ಯಾವುದನ್ನೂ ಯೋಚಿಸದೆ ಬರೀ ಹೆಸರು ನೋಡಿ ಹದಿನೈದು ಇಪ್ಪತ್ತು ಸಾವಿರ ಕೊಟ್ಟು ತಂದು, ಎರಡೇ ತಿಂಗಳಿಗೆ ಬೆನ್ನುನೋವು ಅಂತ ಬಾಲ್ಕನಿಗೆ ಒರಗಿಸಿಟ್ಟ ಸೈಕಲ್‌ಗಳನ್ನ ತುಂಬಾ ನೋಡಿದೀನಿ, ನೋಡಿದಾಗೆಲ್ಲ ಸಂಕಟ ಆಗುತ್ತೆ.

ಮೊದಲನೇ ಕೆಲಸ, ಹೆಸರಿನ ಹಿಂದೆ ಯಾರಿದ್ದಾರೆ ಅಂತ ತಿಳ್ಕೊಳ್ಳಿ. ಬಿಎಸ್‌ಎ, ಹರ್ಕ್ಯುಲಿಸ್, ಮೊಂಟ್ರಾ ಮೂರೂ ಚೆನ್ನೈನ ಟಿಐ ಸೈಕಲ್ಸ್‌ದೇ. ಫೈರ್‌ಫಾಕ್ಸ್ ಅನ್ನ 2015ರಲ್ಲಿ ಲೂಧಿಯಾನದ ಹೀರೋ ಕೊಂಡ್ಕೊಂಡಿದೆ. ತೈವಾನಿನ ಜೈಂಟ್ 1972ರಲ್ಲಿ ಶುರುವಾಗಿ, ವರ್ಷಗಟ್ಟಲೆ ಬೇರೆಯವರ ಹೆಸರಿಗೆ ಸೈಕಲ್ ಮಾಡ್ಕೊಟ್ಟು ಆಮೇಲೆ ತನ್ನದೇ ಹೆಸರು ಹಾಕ್ಕೊಂಡಿದ್ದು. ನಮ್ಮಪ್ಪನ ಕಾಲದಲ್ಲಿ ಮನೆಮನೇಲೂ ಇದ್ದ ಅಟ್ಲಾಸ್, 2020ರ ಜೂನ್ 3ಕ್ಕೆ, ವಿಶ್ವ ಸೈಕಲ್ ದಿನದಂದೇ ದೆಹಲಿ ಹತ್ರದ ಸಾಹಿಬಾಬಾದ್ ಫ್ಯಾಕ್ಟರಿ ನಿಲ್ಲಿಸ್ತು. ಅದಕ್ಕೇ ಹೇಳೋದು, ಸ್ಟಿಕ್ಕರ್ ನಂಬ್ಕೊಂಡು ದುಡ್ಡು ಕೊಡಬೇಡಿ.

ಎರಡನೇದು, ಎಲ್ಲಿ ಓಡಿಸ್ತೀರ. ಟಾರ್ ರೋಡಲ್ಲಿ ಆಫೀಸಿಗೆ ಅಂದ್ರೆ ಮುಂದೆ ಸಸ್ಪೆನ್ಷನ್ ಇಲ್ಲದ ಹೈಬ್ರಿಡ್ (ರೋಡ್ ಸೈಕಲ್ಲಿಗೂ ಮೌಂಟನ್ ಬೈಕಿಗೂ ನಡುವಿನದು) ಸಾಕು. ಕಡಿಮೆ ಬೆಲೆಗೆ ಮುಂದೆ ಹಿಂದೆ ಎರಡೂ ಕಡೆ ಸ್ಪ್ರಿಂಗ್ ಇರೋದು ಸಿಗುತ್ತಲ್ಲ, ಅದನ್ನ ದಯವಿಟ್ಟು ತಗೋಬೇಡಿ, ಬರೀ ತೂಕ, ನೀವು ತುಳಿದ ಶಕ್ತಿ ಒಂದಷ್ಟು ಆ ಸ್ಪ್ರಿಂಗ್ ಕುಣಿಸೋದಕ್ಕೇ ಹೋಗುತ್ತೆ.

ಮೂರನೇದು ಸೈಜ್. ಮಧ್ಯದ ಬಾರ್ ಮೇಲೆ ಕಾಲು ಆಚೆ ಈಚೆ ಹಾಕಿ ಪೂರ್ತಿ ಪಾದ ಊರಿ ನಿಂತ್ಕೊಳ್ಳಿ, ಬಾರಿಗೂ ನಿಮಗೂ ನಡುವೆ ಒಂದು ಎರಡು ಇಂಚಾದ್ರೂ ಜಾಗ ಇರಬೇಕು. ಆಮೇಲೆ ಸೀಟ್ ಮೇಲೆ ಕೂತು ಪೆಡಲ್ ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ, ಆಗ ಕಾಲು ನೆಟ್ಟಗಾಗಬೇಕು, ಮುಂಗಾಲಲ್ಲಿ ತುಳಿದಾಗ ಮಂಡಿ ಸ್ವಲ್ಪ ಬಾಗಿರುತ್ತೆ, ಅದೇ ಸರಿಯಾದ ಎತ್ತರ. ಅಂಗಡಿಯವರು "ಸೀಟ್ ಇಳಿಸಿದ್ರೆ ಆಯ್ತು ಸಾರ್" ಅಂತಾರೆ, ಸೀಟ್ ಇಳಿಸಿದ್ರೆ ಫ್ರೇಮ್ ಚಿಕ್ಕದಾಗಲ್ಲ, ಹ್ಯಾಂಡಲ್ ದೂರಾನೇ ಉಳಿಯುತ್ತೆ. ಮಕ್ಕಳಿಗಂತೂ "ಮುಂದಿನ ವರ್ಷಕ್ಕೂ ಬರಲಿ" ಅಂತ ದೊಡ್ಡದು ಕೊಡಿಸಬೇಡಿ. ನಾವು ಅಪ್ಪನ ಸೈಕಲ್ಲಲ್ಲಿ ಒಳಪೆಡ್ಲು ಹೊಡೆದು ಕಲಿತಿದ್ದು ಬೇರೆ ಸೈಕಲ್ ಇರ್ಲಿಲ್ಲ ಅಂತ, ಈಗ ಅಳತೆಗೆ ಸಿಗೋವಾಗ ಮಗು ಯಾಕೆ ಹೆದರ್ಕೊಂಡು ಕಲೀಬೇಕು?

ನಾಲ್ಕನೇದು ಪಾರ್ಟ್ಸ್. ಜೇಬಲ್ಲಿ ಒಂದು ಫ್ರಿಡ್ಜ್ ಮ್ಯಾಗ್ನೆಟ್ ಇಟ್ಕೊಂಡು ಹೋಗಿ, ಅಲಾಯ್ (ಅಲ್ಯೂಮಿನಿಯಂ) ಅಂದಿದ್ದಕ್ಕೆ ಅಂಟಿದ್ರೆ ಅದು ಕಬ್ಬಿಣ, ಮಂಗಳೂರು ಉಡುಪಿ ಕಡೆ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತೆ. ರಿಮ್ ಡಬಲ್ ವಾಲ್, ಅಂದ್ರೆ ಎರಡು ಪದರದ್ದು ಇರಲಿ, ನಮ್ಮ ಗುಂಡಿಗಳಿಗೆ ಸಿಂಗಲ್ ವಾಲ್ ತಡೆಯಲ್ಲ. ಇನ್ನು ಜಪಾನಿನ ಗೇರ್ ಕಂಪನಿ ಶಿಮಾನೊ ಹೆಸರು ಬರೆದಿದ್ರೆ ಪೂರ್ತಿ ಗೇರ್ ಸೆಟ್ ಅವರದ್ದೇ ಅಂದ್ಕೋಬೇಡಿ, ಎಷ್ಟೋ ಸಲ ಚೈನನ್ನ ಗೇರಿಂದ ಗೇರಿಗೆ ದಾಟಿಸೋ ಹಿಂದಿನ ಡಿರೈಲರ್ ಒಂದೇ ಅವರದ್ದು, ಅದೂ ಟೂರ್ನಿ. ಟೂರ್ನಿ ಕೆಳಗಿನ ದರ್ಜೆ, ಅದರ ಮೇಲೆ ಆಲ್ಟಸ್, ಏಸೆರಾ, ಅಲಿವಿಯೊ, ಡಿಯೋರ್. ಊರೊಳಗೆ ಓಡಿಸೋಕೆ ಟೂರ್ನಿ ಸಾಕು, ಆದ್ರೆ ಹೆಸರಿಗೋಸ್ಕರ ಜಾಸ್ತಿ ದುಡ್ಡು ಕೊಡಬೇಡಿ.

ಐದನೇದು ಎಲ್ಲರೂ ಎಡವೋ ಜಾಗ, ಜೋಡಣೆ. ಸೈಕಲ್ ಡಬ್ಬದಲ್ಲಿ ಬಿಡಿಬಿಡಿಯಾಗಿ ಬರುತ್ತೆ, ಅದನ್ನ ಕೂಡಿಸೋ ಹುಡುಗನ ಕೈಲೇ ಅರ್ಧ ಸೈಕಲ್ ಇರೋದು, ಎಂಥಾ ಬ್ರ್ಯಾಂಡ್ ಆದ್ರೂ. ದುಡ್ಡು ಕೊಡೋಕೆ ಮುಂಚೆ ಇಪ್ಪತ್ತು ನಿಮಿಷ ಅಲ್ಲೇ ನಿಂತು ನೋಡಿ. ಮೊದಲು ಫೋರ್ಕ್, ಅಂದ್ರೆ ಮುಂದಿನ ವೀಲ್ ಹಿಡಿದಿರೋ ಕವಲು. ಹಿಂದುಮುಂದಾಗಿ ಹಾಕಿ ಮಾರಿರೋದನ್ನ ನಾನೇ ನೋಡಿದೀನಿ, ಹ್ಯಾಂಡಲ್ ಮಾತ್ರ ನೆಟ್ಟಗೆ ಇರುತ್ತೆ, ಹಾಗಾಗಿ ಗೊತ್ತೇ ಆಗಲ್ಲ. ಫೋರ್ಕಿನ ಬಾಗು ಮುಂದಕ್ಕಿರಬೇಕು. ಡಿಸ್ಕ್ ಬ್ರೇಕ್ ಆದ್ರೆ ಅದನ್ನ ಹಿಡಿಯೋ ಕ್ಯಾಲಿಪರ್ ಸಾಮಾನ್ಯವಾಗಿ ನೀವು ಕೂತಾಗ ಫೋರ್ಕಿನ ಎಡಗಡೆ ಕಾಲಲ್ಲಿರುತ್ತೆ, ಬಲಕ್ಕಿದ್ರೆ ಅನುಮಾನ ಪಡಿ.

ಆಮೇಲೆ ವೀಲ್ ಎತ್ತಿ ತಿರುಗಿಸಿ ರಿಮ್ಮಿಗೂ ಬ್ರೇಕ್ ರಬ್ಬರಿಗೂ ಇರೋ ಸಂದು ನೋಡ್ತಾ ಇರಿ, ಆಚೆ ಈಚೆ ಓಲಾಡಿದ್ರೆ ಔಟ್ ಇದೆ, ಅಲ್ಲೇ ತೆಗೆಸಿ. ಡಿಸ್ಕ್ ಆದ್ರೆ ರಿಮ್ಮಿಗೂ ಫ್ರೇಮಿಗೂ ನಡುವಿನ ಸಂದು ನೋಡಿ. ಕಡ್ಡಿಗಳನ್ನ ಎರಡೆರಡಾಗಿ ಹಿಂಡಿ ನೋಡಿ, ಒಂದು ಬಿಗಿ ಒಂದು ಸಡಿಲ ಇರಬಾರದು. ಮುಂದಿನ ಬ್ರೇಕ್ ಹಿಡ್ಕೊಂಡು ಸೈಕಲ್ಲನ್ನ ಹಿಂದೆ ಮುಂದೆ ಅಲ್ಲಾಡಿಸಿದಾಗ ಹ್ಯಾಂಡಲ್ ಬುಡದಲ್ಲಿ ಟಕ್ ಅಂದ್ರೆ ಅದು ಸಡಿಲ ಇದೆ. ಮುಂದಿನ ವೀಲ್ ಮಂಡಿ ನಡುವೆ ಸಿಕ್ಕಿಸ್ಕೊಂಡು ಹ್ಯಾಂಡಲ್ ತಿರುಗಿಸಿ, ವೀಲ್ ಬಿಟ್ಟು ಹ್ಯಾಂಡಲ್ ಒಂದೇ ತಿರುಗಬಾರದು.

ಪೆಡಲ್ ವಿಷಯ ಒತ್ತಿ ಹೇಳ್ತೀನಿ. ಎಡ ಪೆಡಲ್ಲಿನ ಮರೆ (ತಿರುಪಿನ ಗೆರೆ) ಉಲ್ಟಾ, ಎಡಕ್ಕೆ ತಿರುಗಿಸಿದ್ರೆ ಬಿಗಿ ಆಗೋದು. ಪೆಡಲ್ ಮೇಲೆ ಎಲ್, ಆರ್ ಅಂತ ಬರೆದಿರುತ್ತೆ. ಇದು ಗೊತ್ತಿಲ್ದೆ ನಮ್ಮಕ್ಕನ ಮಗನ ಹೊಸ ಸೈಕಲ್ಲಿಗೆ ಬಲದ್ದನ್ನ ಎಡಕ್ಕೆ ಇಟ್ಟು ಸ್ಪ್ಯಾನರ್ ಹಾಕಿ ತಿರುವಿಬಿಟ್ಟಿದ್ರು, ಮರೆ ಪೂರ್ತಿ ಹೋಯ್ತು, ಮೂರನೇ ದಿನಕ್ಕೆ ಪೆಡಲ್ ಕಳಚಿ ಹುಡುಗ ಬಿದ್ದ. ಪೆಡಲ್ ಕೂರೋ ತೋಳು, ಕ್ರ್ಯಾಂಕೇ ಬದಲಾಯಿಸಬೇಕಾಯ್ತು. ಹೆಸರುವಾಸಿ ಬ್ರ್ಯಾಂಡೇ ಅದು, ಆದ್ರೆ ಕೂಡಿಸಿದ ಕೈ ಸರಿ ಇರ್ಲಿಲ್ಲ. ಆನ್‌ಲೈನಲ್ಲಿ "85 ಪರ್ಸೆಂಟ್ ರೆಡಿ" ಅಂತ ಬರೋದನ್ನ ತರಿಸಿದ್ರೆ ಉಳಿದ ಹದಿನೈದನ್ನ ನೀವೇ ಮಾಡೋಕೆ ಹೋಗಬೇಡಿ, ಗೊತ್ತಿರೋ ಮೆಕ್ಯಾನಿಕ್‌ಗೆ ಕೊಟ್ಟು ಮಾಡಿಸಿ.

ಕೊನೇಲಿ ಹಿಂದಿನ ವೀಲ್ ಎತ್ತಿಸಿ ತುಳೀತಾ ಎಲ್ಲಾ ಗೇರ್ ಹಾಕಿಸಿ. ದೊಡ್ಡ ಹಲ್ಲುಚಕ್ರಕ್ಕೆ ಹೋದಾಗ ಚೈನ್ ಅದನ್ನ ದಾಟಿ ಕಡ್ಡಿ ಕಡೆ ಬೀಳಬಾರದು, ಡಿರೈಲರ್ ಕಡ್ಡಿಗೆ ತಾಗಬಾರದು.

ಹಾಗಾದ್ರೆ ಬ್ರ್ಯಾಂಡ್ ಬೇಡವೇ ಬೇಡ್ವಾ? ಬೇಕು, ಎರಡು ಕಡೆ. ಫ್ರೇಮಿಗೆ ಬರಹದಲ್ಲಿ ವಾರಂಟಿ ಕೊಡ್ತಾರಾ, ಒಂದೇ ಮಾಡೆಲಲ್ಲಿ ಸ್ಮಾಲ್ ಮೀಡಿಯಂ ಲಾರ್ಜ್ ಅಂತ ಫ್ರೇಮ್ ಸೈಜ್ ಸಿಗುತ್ತಾ. ಇವೆರಡೂ ಇದ್ರೆ ಸ್ವಲ್ಪ ಜಾಸ್ತಿ ಕೊಟ್ಟರೂ ತಪ್ಪಿಲ್ಲ. ತಾಲೂಕು ಊರಲ್ಲಿರೋರು ಇನ್ನೊಂದು ನೋಡಿ, ಅದರ ಟ್ಯೂಬು, ಟಯರು, ಬ್ರೇಕ್ ರಬ್ಬರು ನಿಮ್ಮೂರ ಪಂಕ್ಚರ್ ಅಂಗಡೀಲಿ ಸಿಗುತ್ತಾ ಅಂತ. ಸಿಗಲ್ಲ ಅಂದ್ರೆ ವಿದೇಶಿ ಹೆಸರಿಗಿಂತ ಹೀರೋನೋ ಹರ್ಕ್ಯುಲಿಸ್ಸೋ ತಗೊಳ್ಳಿ, ನಾನಂತೂ ಅದನ್ನೇ ಹೇಳೋದು.

ಮನೆಗೆ ತಂದ ಮೇಲೆ ಟಯರ್ ಪಕ್ಕದಲ್ಲಿ ಬರೆದಿರೋ ಪಿಎಸ್‌ಐ (ಗಾಳಿ ಒತ್ತಡದ ಅಳತೆ) ನೋಡಿ ಗಾಳಿ ಹಾಕಿಸಿ, ತಿಂಗಳೊಳಗೆ ಒಂದು ಸಲ ವಾಪಸ್ ಒಯ್ಯಿರಿ. ಹೊಸ ಕೇಬಲ್ ಸಡಿಲ ಆಗಿರುತ್ತೆ, ಕಡ್ಡಿಗಳೂ ಕೂತ್ಕೊಂಡಿರುತ್ತೆ, ಫಸ್ಟ್ ಸರ್ವೀಸ್ ಫ್ರೀ ಅಂತ ಬರೀ ಎಣ್ಣೆ ಬಿಟ್ಟು ಒರೆಸಿ ಕೊಟ್ರೆ ಒಪ್ಕೋಬೇಡಿ, ವೀಲ್ ಔಟ್ ತೆಗೆದು ಬ್ರೇಕ್ ಬಿಗಿ ಮಾಡೋವರೆಗೂ ಅಲ್ಲೇ ನಿಂತ್ಕೊಳ್ಳಿ.